ಹಳದಿ ನೀರು, ಹಸಿರು ನೀರು

ಮೆಟ್ರೋ ಗ್ರೀನ್ ಲೈನ್‌ನಲ್ಲಿ ಕೂತು ಇದನ್ನ ಕೇಳ್ತಾ ಇದ್ರೆ, ಪೀಣ್ಯ ಬಂದಾಗ ಕಿಟಕಿಯಿಂದ ಒಮ್ಮೆ ಕೆಳಗೆ ನೋಡಿ. ಶೀಟ್ ಚಾವಣಿಯ ಸಣ್ಣ ಸಣ್ಣ ಶೆಡ್‌ಗಳು ಕಾಣುತ್ವಲ್ಲ, ಅವುಗಳಲ್ಲಿ ಎಷ್ಟೋ ಪ್ಲೇಟಿಂಗ್ ಶಾಪ್‌ಗಳು. ಬೈಕ್ ಬಿಡಿಭಾಗ, ಬಾತ್‌ರೂಮ್ ನಲ್ಲಿ, ಬೋಲ್ಟು, ಇವಕ್ಕೆಲ್ಲ ಹೊಳಪು ಬರೋದು ಇಂಥ ಕಡೆಯೇ.

ನಾನು ಬಿ.ಕಾಂ. ಓದಿದವಳು, ಕೆಮಿಸ್ಟ್ರಿ ಗೊತ್ತಿರಲಿಲ್ಲ. ಓದು ಮುಗಿದ ಮೇಲೆ ಒಬ್ಬ ಆಡಿಟರ್ ಆಫೀಸ್‌ನಲ್ಲಿ ಕೆಲಸಕ್ಕಿದ್ದೆ. ಒಂದು ಪ್ಲೇಟಿಂಗ್ ಶಾಪ್‌ನ ಲೆಕ್ಕ ನೋಡೋಕೆ ಕಳಿಸಿದ್ರು. ಅಲ್ಲಿ ಖರೀದಿ ಬಿಲ್ ಟಿಕ್ ಹಾಕ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕ್ರೋಮಿಕ್ ಆಸಿಡ್ ಪ್ರತಿ ತಿಂಗಳೂ ಬಂದಿದೆ. ಸೋಡಿಯಂ ಮೆಟಾಬೈಸಲ್ಫೈಟ್ ಅನ್ನೋದು ಮಾತ್ರ ವರ್ಷಕ್ಕೆ ಒಂದೇ ಬಿಲ್. ಅದೂ ಪರಿಸರ ಮಂಡಳಿಯ ಅನುಮತಿ ನವೀಕರಣ ಆದ ತಿಂಗಳಲ್ಲಿ. ಸುಮ್ಮನೆ ಕುತೂಹಲಕ್ಕೆ, ಅಲ್ಲಿ ಟ್ಯಾಂಕ್ ನೋಡಿಕೊಳ್ತಿದ್ದವರನ್ನ ಕೇಳಿದೆ, "ಅಣ್ಣಾ, ಇದು ಏನಕ್ಕೆ ಬರುತ್ತೆ?"

ಅವರು ನಕ್ಕರು. "ಬನ್ನಿ ಮೇಡಂ, ತೋರಿಸ್ತೀನಿ" ಅಂತ ಕರ್ಕೊಂಡು ಹೋದರು.

ಪ್ಲೇಟಿಂಗ್ ತೊಟ್ಟಿಯಿಂದ ಎತ್ತಿದ ಸಾಮಾನನ್ನ ಪಕ್ಕದ ನೀರಲ್ಲಿ ಅದ್ದಿ ತೊಳೀತಾರೆ. ಆ ತೊಳೆದ ನೀರು ಹಳದಿ. ಅದರಲ್ಲಿರೋದು ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದ್ರೆ ಕ್ರೋಮಿಯಂನ ಕೆಟ್ಟ ರೂಪ, ಕ್ಯಾನ್ಸರ್ ತರೋ ಅಂಥದ್ದು. ನೀರಲ್ಲಿ ಸಲೀಸಾಗಿ ಕರಗುತ್ತೆ, ಹಾಗಾಗಿ ಮಣ್ಣಲ್ಲಿ ಇಳಿದು ಬೋರ್‌ವೆಲ್ ತನಕ ಹೋಗುತ್ತೆ. ಆ ಅಣ್ಣ ಬಕೆಟ್‌ನಲ್ಲಿ ಸ್ವಲ್ಪ ಹಳದಿ ನೀರು ತಗೊಂಡು, ಆಸಿಡ್ ಹಾಕಿ ಪಿಎಚ್ 2-3ಕ್ಕೆ ಇಳಿಸಿ, ಒಂದು ಹಿಡಿ ಮೆಟಾಬೈಸಲ್ಫೈಟ್ ಹಾಕಿ ಕಲಕಿದರು. ಹಳದಿ ಹೋಗಿ ಹಸಿರಾಯ್ತು! ಅದು ಟ್ರೈವೇಲೆಂಟ್ ಕ್ರೋಮಿಯಂ, ವಿಷ ತುಂಬಾ ಕಮ್ಮಿ. ಆಮೇಲೆ ಸುಣ್ಣ. ಪಿಎಚ್ 8-9ಕ್ಕೆ ಏರಿದ ಹಾಗೇ ಹಸಿರು ಗಸಿ ಕೆಳಗೆ ಕೂತ್ಕೊಳ್ತು, ಮೇಲೆ ತಿಳಿನೀರು. ಆ ಗಸಿಯನ್ನ ಒಣಗಿಸಿ, ಅನುಮತಿ ಇರೋ ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ದುಡ್ಡು ಕೊಟ್ಟು ಕಳಿಸಬೇಕು. ತಿಳಿನೀರು ಕಾಮನ್ ಪ್ಲಾಂಟ್‌ಗೆ, ಅಂದ್ರೆ ಹತ್ತಾರು ಘಟಕಗಳು ಸೇರಿ ನಡೆಸೋ ಸಿಇಟಿಪಿಗೆ.

"ದಿನಾ ಹೀಗೆ ಮಾಡ್ತೀರಾ?" ಅಂದೆ. ಅವರು ಉತ್ತರ ಕೊಡಲಿಲ್ಲ. ಬಿಲ್ ಆಗಲೇ ಕೊಟ್ಟಿತ್ತು.

ಇಲ್ಲಿ ನನ್ನ ಲೆಕ್ಕದ ತಲೆ ಕೆಲಸಕ್ಕೆ ಬಂತು. 100 ಕೆಜಿ ಕ್ರೋಮಿಕ್ ಆಸಿಡ್ ತಂದ್ರೆ ಅದರಲ್ಲಿ 52 ಕೆಜಿ ಕ್ರೋಮಿಯಂ. ಸ್ವಲ್ಪ ಸಾಮಾನಿನ ಮೇಲೆ ಹೋಗುತ್ತೆ, ದೊಡ್ಡ ಪಾಲು ತೊಳೆದ ನೀರಿಗೆ. ಆ ನೀರಿನ ಒಂದೊಂದು ಕೆಜಿ ಕ್ರೋಮಿಯಂಗೂ ಹತ್ತಿರ ಹತ್ತಿರ 2.75 ಕೆಜಿ ಮೆಟಾಬೈಸಲ್ಫೈಟ್ ಬೇಕು, ವಾಸ್ತವದಲ್ಲಿ ಇನ್ನೂ ಜಾಸ್ತಿ. ವರ್ಷಕ್ಕೆ ಒಂದು ಮೂಟೆ ಸಾಕಾಗೋದು ಹೇಗೆ?

"ಕಾಮನ್ ಪ್ಲಾಂಟ್ ಇದೆಯಲ್ಲ, ಅಲ್ಲೇ ಎಲ್ಲಾ ಕ್ಲೀನ್ ಆಗುತ್ತೆ ಬಿಡಿ" ಅನ್ನೋ ಮಾತನ್ನ ನಾನು ಬೇಕಾದಷ್ಟು ಕೇಳಿದ್ದೀನಿ. ಇದು ಸುಳ್ಳು, ಯಾಕೆ ಅಂತ ನೋಡಿ. 500 ಲೀಟರ್ ನೀರಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ರೋಮಿಯಂ ಇದೆ ಅಂತಿಟ್ಕೊಳ್ಳಿ. ಬೇರೆಯವರ ನೀರೂ ಸೇರಿ ಒಂದು ಲಕ್ಷ ಲೀಟರ್ ಆದ್ರೆ, ಲೀಟರಿಗೆ 0.5 ಮಿಲಿಗ್ರಾಂಗೆ ಇಳಿಯುತ್ತೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಹೊಳೆ-ಕೆರೆಗೆ ಬಿಡೋ ನೀರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಮಿತಿ 0.1. ಇನ್ನೂ ಐದು ಪಟ್ಟು. ಮೊದಲು 500 ಲೀಟರ್ ಸರಿ ಮಾಡಿದ್ರೆ ಸಾಕಿತ್ತು, ಈಗ ಒಂದು ಲಕ್ಷ ಲೀಟರ್ ಮಾಡಬೇಕು. ಜೊತೆಗೆ, ಕಾಮನ್ ಪ್ಲಾಂಟ್‌ನಲ್ಲಿ ಕೊಳೆ ತಿನ್ನೋದು ಬ್ಯಾಕ್ಟೀರಿಯಾ. ಲೋಹ ಜಾಸ್ತಿ ಬಂದ್ರೆ ಅವು ಸಾಯ್ತವೆ. ಆಗ ನಿಯತ್ತಾಗಿ ನೀರು ಕಳಿಸಿದ ಪಕ್ಕದ ಶೆಡ್ಡಿನವರದ್ದೂ ಹಾಳು.

ಇನ್ನೊಂದು ಭಯದ ವಿಷಯ. ಕೆಲವು ಪ್ಲೇಟಿಂಗ್‌ನಲ್ಲಿ ಸಯನೈಡ್ ಬಳಸ್ತಾರೆ. ಆ ನೀರು ಆಸಿಡ್ ನೀರಿಗೆ ಸೇರಿದ್ರೆ ವಿಷಗಾಳಿ ಏಳುತ್ತೆ. ಅದಕ್ಕೇ ಅದರ ಪೈಪೇ ಬೇರೆ ಇರಬೇಕು. ಒಳಗೇ ಕ್ಲೋರಿನ್ ಉಪಚಾರ ಆಗಬೇಕು. ಪ್ಲೇಟಿಂಗ್ ಅಲ್ಲದಿದ್ರೂ, 2022ರ ಜನವರಿ 6ರಂದು ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಆಗಿದ್ದು ನೆನಪಿಸ್ಕೊಳ್ಳಿ. ಟ್ಯಾಂಕರ್‌ನಿಂದ ಕದ್ದು ಚರಂಡಿಗೆ ಬಿಟ್ಟ ರಾಸಾಯನಿಕದಿಂದ ಗಾಳಿ ಎದ್ದು, ಆರು ಜನ ಕಾರ್ಮಿಕರು ಸತ್ತರು.

ಕಾನೂನು ಇಲ್ವಾ ಅಂದ್ರೆ, ಇದೆ. 2017ರ ಫೆಬ್ರವರಿ 22ರಂದು ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಅನುಮತಿ ಬೇಕಾದ ಪ್ರತಿ ಕಾರ್ಖಾನೆಯಲ್ಲೂ ನಡೀತಾ ಇರೋ ಪ್ರಾಥಮಿಕ ಸಂಸ್ಕರಣಾ ಘಟಕ ಇರಬೇಕು, ಮೂರು ತಿಂಗಳ ನೋಟಿಸ್ ಆದ ಮೇಲೂ ಇಲ್ಲದಿದ್ರೆ ಕರೆಂಟ್ ಕಟ್. ಆದ್ರೆ ಘಟಕ "ಇರೋದು" ಬೇರೆ, "ನಡೆಯೋದು" ಬೇರೆ. ನಾನು ನೋಡಿದ ಶೆಡ್ಡಿನಲ್ಲೂ ಘಟಕ ಇತ್ತು, ಮೋಟಾರಿಗೆ ಹೊಸ ಬಣ್ಣ ಹೊಡೆದಿತ್ತು.

ಆ ಓನರ್‌ನ ರಾಕ್ಷಸ ಅಂತ ಹೇಳೋಕೆ ಮನಸ್ಸು ಬರಲ್ಲ. ಅವರದ್ದು ಜಾಬ್ ವರ್ಕ್, ಒಂದು ಪೀಸ್‌ಗೆ ಇಷ್ಟು ಪೈಸೆ ಅಂತ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದ್ರೂ, ಅವರ ಲೆಡ್ಜರ್‌ನಲ್ಲಿ ನೂರು ದಿನ ದಾಟಿದ ಬಾಕಿ ಬೇಕಾದಷ್ಟಿತ್ತು. ಆದ್ರೂ ಒಂದು ಕೆಲಸಕ್ಕೆ ದುಡ್ಡೇ ಬೇಡ. ತೊಟ್ಟಿಯಿಂದ ಎತ್ತಿದ ಸಾಮಾನನ್ನ ಹತ್ತು-ಹದಿನೈದು ಸೆಕೆಂಡ್ ಅಲ್ಲೇ ಮೇಲೆ ಹಿಡಿದ್ರೆ ಹನಿ ವಾಪಸ್ ತೊಟ್ಟಿಗೇ ಬೀಳುತ್ತೆ. ಕ್ರೋಮಿಕ್ ಆಸಿಡ್ ಉಳೀತು, ಮೆಟಾಬೈಸಲ್ಫೈಟೂ ಉಳೀತು. ಇದನ್ನೂ ಆ ಅಣ್ಣನೇ ಹೇಳಿದ್ದು. "ಅಷ್ಟು ಹೊತ್ತು ಕಾಯೋಕೆ ಬಿಡಲ್ಲ ಮೇಡಂ" ಅಂತಲೂ ಅವರೇ ಹೇಳಿದ್ರು.

ನಾನು ಏನ್ ಮಾಡಿದೆ? ಕ್ವೆರಿ ಶೀಟ್‌ನಲ್ಲಿ ಬರೆದೆ. "ಇದು ನಮ್ಮ ಕೆಲಸ ಅಲ್ಲಮ್ಮ, ಬಿಲ್‌ಗೂ ಪೇಮೆಂಟ್‌ಗೂ ಟ್ಯಾಲಿ ಆಯ್ತಲ್ಲ" ಅಂತ ಸೀನಿಯರ್ ಹೇಳಿದ್ರು. ಆ ಸಾಲನ್ನ ಹೊಡೆದು ಹಾಕಿದವಳು ನಾನೇ, ನನ್ನ ಪೆನ್ನಿನಲ್ಲೇ. ಇಷ್ಟು ವರ್ಷ ಆದ ಮೇಲೆ ಈ ಎಪಿಸೋಡ್ ಮಾಡ್ತಿರೋದು ಅದಕ್ಕೇ.

ಪ್ಲೇಟಿಂಗ್ ಲೈನಲ್ಲಿ ಕೆಲಸ ಮಾಡೋರು ಯಾರಾದ್ರೂ ಕೇಳ್ತಾ ಇದ್ರೆ, ನಿಮ್ಮ ಶೆಡ್ಡಿಂದ ಹೊರಗೆ ಹೋಗೋ ನೀರಿನ ಬಣ್ಣ ಯಾವುದು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಬೇಡ, ಕಂಪನಿ ಹೆಸರೂ ಬೇಡ.