ಹಳದಿಯ ಒಂದು ಬೇರು

(ಶತಮಾನೋತ್ಸವದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ಸೊಲ್ಲಾಪುರ ಸೀಮೆಯ ನಮ್ಮ ಈ ಶಾಲೆಗೆ ನೂರು ವರ್ಷ ತುಂಬಿದೆ. ಆದರೂ ಪ್ರವೇಶದ ದಿನಗಳಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದುಂಟು: “ಬಾಯಾರ, ಕನ್ನಡದಾಗ ಕಲಿತ ಮಕ್ಕಳು ಮುಂದ ಸಾಯನ್ಸಿಗೆ ಹೋದರ ನಿಭಾಯಿಸ್ತಾರೇನ್ರಿ?” ಇದಕ್ಕೆ ಒಂದು ಶಬ್ದದ ಕಥೆಯಿಂದ ಉತ್ತರಿಸಲು ಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ, ನಮ್ಮಲ್ಲಿ ಹತ್ತನೆಯ ಇಯತ್ತೆ ಮುಗಿಸಿ ವಿಜ್ಞಾನ ಶಾಖೆಗೆ ಸೇರಿದ್ದ ಹುಡುಗಿಯೊಬ್ಬಳು ಎರಡೇ ತಿಂಗಳಲ್ಲಿ ನನ್ನ ಬಳಿ ಬಂದು, ಕಾಲೇಜು ಬಿಡುವುದಾಗಿ ಹೇಳಿದಳು. ಪುಸ್ತಕದಲ್ಲಿದ್ದ ಪರೀಕ್ಷೆಯೊಂದರ ಹೆಸರನ್ನು ಅವಳು ‘ಕ್ಸಾಂಥೋಪ್ರೋಟೀಕ್’ ಎಂದು ಓದಿದ್ದಳು. ‘ಝಾಂಥೋ’ ಎನ್ನಬೇಕಿತ್ತೆಂದು ತರಗತಿಯೆಲ್ಲ ನಕ್ಕಿತ್ತು. ಆ ಪರೀಕ್ಷೆಯಲ್ಲಿ ಏನು ಮಾಡುತ್ತಾರೆಂದು ಕೇಳಿದೆ. ಮೊಟ್ಟೆಯ ಬಿಳಿಭಾಗಕ್ಕೆ ನೈಟ್ರಿಕ್ ಆಮ್ಲ ಹಾಕಿ ಕಾಯಿಸಿದರೆ ಹಳದಿಯಾಗುತ್ತದೆ, ಆರಿಸಿ ಕ್ಷಾರ ಬೆರೆಸಿದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಪ್ರೋಟೀನು ಇದೆಯೆಂದು ತಿಳಿಯುತ್ತದೆ ಎಂದು ಸ್ವಚ್ಛ ಕನ್ನಡದಲ್ಲಿ ವಿವರಿಸಿದಳು.

ನಾನು ಕನ್ನಡ ಎಂ.ಎ. ಓದಿದವಳು, ವಿಜ್ಞಾನ ನನ್ನ ವಿಷಯವಲ್ಲ. ಆ ರಾತ್ರಿ ನಿಘಂಟು ತೆರೆದೆ. ‘ಕ್ಸಾಂಥೋಸ್’ ಎಂದರೆ ಗ್ರೀಕಿನಲ್ಲಿ ಹಳದಿ. ಪ್ರಾಚೀನ ಗ್ರೀಕರು ಅದನ್ನು ‘ಕ್ಸ’ ಎಂದೇ ಉಚ್ಚರಿಸುತ್ತಿದ್ದರು. ಶಬ್ದದ ಆದಿಯಲ್ಲಿ ಆ ಒತ್ತಕ್ಷರ ಬಾಯಿಗೆ ಬಾರದ ಇಂಗ್ಲಿಷರು ಅದನ್ನು ‘ಝ’ ಮಾಡಿಕೊಂಡರು. ನಮ್ಮ ಹುಡುಗಿಯ ಓದು ಮೂಲಕ್ಕೇ ಹತ್ತಿರವಾಗಿತ್ತು!

ಈ ಒಂದು ಬೇರನ್ನು ಹಿಡಿದರೆ ಎಷ್ಟೋ ಶಬ್ದಗಳು ಕೈಗೆ ಬರುತ್ತವೆ. ಸ್ವೀಡನ್ನಿನ ಬರ್ಜೀಲಿಯಸ್ 1837ರಲ್ಲಿ ಎಲೆಯ ಹಳದಿ ವರ್ಣದ್ರವ್ಯಕ್ಕೆ ‘ಕ್ಸಾಂಥೋಫಿಲ್’ ಎಂದು ಹೆಸರಿಟ್ಟ. ‘ಫಿಲ್ಲೋನ್’ ಎಂದರೆ ಎಲೆ. ಕ್ಲೋರೋಫಿಲ್ಲನ್ನು ನಾವು ‘ಪತ್ರಹರಿತ್ತು’ ಎನ್ನುವುದೂ ಇದೇ ಜಾಡಿನಲ್ಲಿ. ರೆಪ್ಪೆಯ ಬಳಿ ಕೊಲೆಸ್ಟರಾಲ್ ಕೂಡಿ ಮೂಡುವ ಹಳದಿ ದದ್ದು ‘ಕ್ಸಾಂಥೆಲಾಸ್ಮ’. ನಮ್ಮ ದಾಳಿಂಬೆ ತೋಟಗಳಲ್ಲಿ ಎಣ್ಣೆ ಸವರಿದಂಥ ಚುಕ್ಕೆ ಮೂಡಿಸಿ ಹಣ್ಣು ಬಿರಿಯಿಸುವ, ರೈತರು ‘ತೇಲ್ಯಾ’ ಎನ್ನುವ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯದ ಹೆಸರು ‘ಕ್ಸಾಂಥೋಮೋನಾಸ್’. ಪ್ರಯೋಗಶಾಲೆಯಲ್ಲಿ ಬೆಳೆಸಿದರೆ ಅದರ ಗುಂಪುಗಳು ಹಳದಿಯಾಗಿ ಕಾಣುತ್ತವೆ.

ಆದರೆ ಬೇರೊಂದೇ ಸಾಲದು. ‘ಕ್ಸಾಂಥೀನ್’ ಹಳದಿಯಲ್ಲ, ಬಿಳಿಯ ಪುಡಿ. 1817ರಲ್ಲಿ ಅಲೆಕ್ಸಾಂಡರ್ ಮಾರ್ಸೆ ಅದನ್ನು ಮೂತ್ರದ ಕಲ್ಲಿನಲ್ಲಿ ಕಂಡ. ನೈಟ್ರಿಕ್ ಆಮ್ಲದೊಡನೆ ಅದು ಹಳದಿ ಶೇಷವನ್ನು ಬಿಟ್ಟುದರಿಂದ ಆ ಹೆಸರು ಬಂತು. ನಮ್ಮ ಚಹಾ ಕಾಫಿಗಳ ಕೆಫೀನು ಇದೇ ಮನೆತನದ್ದು. ಹೆಸರು ಬಾಗಿಲನ್ನು ತೆರೆಯುತ್ತದೆ. ಒಳಗೆ ಏನಿದೆಯೆಂದು ಪ್ರಯೋಗವೇ ಹೇಳಬೇಕು.

ಪಾಲಕರೇ, ಈ ಶಬ್ದಗಳು ಇಂಗ್ಲಿಷ್ ಮನೆಯ ಮಕ್ಕಳಿಗೂ ಪರಕೀಯವೇ. ಅವರೂ ಇವನ್ನು ಕಲಿತೇ ತಿಳಿಯಬೇಕು. ನಮ್ಮ ಹುಡುಗಿಗೆ ವಿಷಯ ತಿಳಿದಿತ್ತು. ತಿಳಿಯದೆ ಇದ್ದುದು ಒಂದು ಹೆಸರಿನ ಬಗೆ. ಅದನ್ನು ಹೇಳಿಕೊಡದಿದ್ದುದು ನಮ್ಮ ಲೋಪ. ಇಪ್ಪತ್ತಕ್ಕೂ ಹೆಚ್ಚು ವರ್ಷ ಧಾತು, ಸಮಾಸಗಳನ್ನು ಕಲಿಸಿದ ನಾನು, ವಿಜ್ಞಾನದ ಶಬ್ದಗಳನ್ನೂ ಹೀಗೆ ಬಿಡಿಸಬಹುದೆಂದು ಮಕ್ಕಳಿಗೆ ತೋರಿಸಿರಲಿಲ್ಲ.

ಅವಳು ಕಾಲೇಜು ಬಿಡಲಿಲ್ಲ. ಮೊದಲ ವರ್ಷ ಬಹಳ ಕಷ್ಟಪಟ್ಟಳು, ಅದನ್ನು ಮುಚ್ಚಿಡಲಾರೆ. ಅಂಥ ಕಷ್ಟವನ್ನು ತಗ್ಗಿಸಲೆಂದೇ ಈ ವರ್ಷದಿಂದ ಒಂಬತ್ತು, ಹತ್ತನೆಯ ಇಯತ್ತೆಗಳಲ್ಲಿ ವಾರಕ್ಕೊಂದು ತಾಸು ಕನ್ನಡ ಮತ್ತು ವಿಜ್ಞಾನ ಶಿಕ್ಷಕರು ಕೂಡಿ ಶಬ್ದಗಳನ್ನು ಬಿಡಿಸಿ ಕಲಿಸಲಿದ್ದಾರೆ. ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ: ಮನೆಯಲ್ಲಿ ಮಗು ಶಬ್ದವೊಂದನ್ನು ತಪ್ಪಾಗಿ ಓದಿದರೆ ನಗಬೇಡಿ. “ಅದರ ಅರ್ಥವೇನವ್ವಾ?” ಎಂದು ಕೇಳಿರಿ.