ಹಲಸಿನ ಮರದ ಅಣಬೆ: ಮನೆಮದ್ದು ಮತ್ತು ವಿವೇಚನೆ

(ಭಾಷಣದ ಪಾಠ)



ಪುಣೆ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ನೀರಾ ನದಿಯ ದಡದಲ್ಲಿ ಭೋರ್ ಪಟ್ಟಣವಿದೆ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ಇದು ಪಂತ ಸಚಿವ ಮನೆತನದ ಸಂಸ್ಥಾನದ ರಾಜಧಾನಿಯಾಗಿತ್ತು. ಪಟ್ಟಣದಿಂದ ಪಶ್ಚಿಮಕ್ಕೆ ಹೊರಟ ರಸ್ತೆ ವರಂಧ ಘಟ್ಟವನ್ನು ಇಳಿದು ಕೊಂಕಣದ ಮಹಾಡಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿನ ಸಹ್ಯಾದ್ರಿಯನ್ನು ನೋಡಿದ ಕನ್ನಡಿಗರಿಗೆ ಆಗುಂಬೆಯ ಅಥವಾ ಶಿರಸಿಯ ನೆನಪಾಗುವುದು ಸಹಜ. ಬೆಟ್ಟದ ಸಾಲು ಒಂದೇ. ಅದರ ಮೇಲೆ ಬೆಳೆಯುವ ಅನೇಕ ಸಸ್ಯಗಳೂ, ಅವುಗಳನ್ನು ಕುರಿತ ಜನರ ತಿಳಿವಳಿಕೆಯೂ ಒಂದಕ್ಕೊಂದು ಹತ್ತಿರದವು. ಈ ಘಟ್ಟಪ್ರದೇಶದ ಒಂದು ಹಳೆಯ ಮನೆಮದ್ದು ಇಂದಿನ ಭಾಷಣದ ವಿಷಯ.

ಮರಾಠಿಯಲ್ಲಿ ಹಲಸಿಗೆ 'ಫಣಸ' ಎಂದೂ ಅಣಬೆಗೆ 'ಅಳಂಬೆ' ಎಂದೂ ಹೆಸರು. ಹಳೆಯ ಹಲಸಿನ ಮರದ ಕಾಂಡದ ಮೇಲೆ ಬೆಳೆಯುವ ಗಟ್ಟಿಯಾದ ಕಂದು ಅಣಬೆಯನ್ನು ಪಶ್ಚಿಮ ಮಹಾರಾಷ್ಟ್ರದಲ್ಲಿ 'ಫಣಸೊಂಬಾ' ಎಂದು ಕರೆಯುತ್ತಾರೆ. ಸಾರಿಗೆ ಬಳಸುವ ಮೆತ್ತನೆಯ ಅಣಬೆಗೂ ಇದಕ್ಕೂ ರೂಪದಲ್ಲಿ ಹೋಲಿಕೆಯಿಲ್ಲ. ಇದು ಕುದುರೆಯ ಗೊರಸಿನ ಆಕಾರದಲ್ಲಿ ಅಥವಾ ಗೋಡೆಯ ಗೂಡುಹಲಗೆಯಂತೆ ಮರಕ್ಕೆ ಅಂಟಿಕೊಂಡಿರುತ್ತದೆ; ಕೈಗೆ ಕಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ; ಅಡಿಭಾಗದಲ್ಲಿ ಅತಿ ಸಣ್ಣ ರಂಧ್ರಗಳಿರುತ್ತವೆ. ವರ್ಷದಿಂದ ವರ್ಷಕ್ಕೆ ಪದರದ ಮೇಲೆ ಪದರವಾಗಿ ಬೆಳೆಯುತ್ತದೆ. ಮರದ ಗಾಯದ ಮೂಲಕ ಒಳಸೇರುವ ಈ ಶಿಲೀಂಧ್ರವು ಒಳಗಿನ ತಿರುಳನ್ನು ಕೊಳೆಸುತ್ತದೆ. ಹೊರಗೆ ಅಣಬೆ ಕಾಣಿಸಿಕೊಳ್ಳುವ ವೇಳೆಗೆ ಒಳಗಿನ ಕೊಳೆತ ಬಹಳ ಮುಂದುವರಿದಿರುತ್ತದೆ.

ಗ್ರಾಮೀಣ ಕುಟುಂಬಗಳಲ್ಲಿಯೂ ವೈದ್ಯರಲ್ಲಿಯೂ ಇದರ ಬಳಕೆ ಸರಳವಾದುದು. ಒಣಗಿದ ತುಂಡನ್ನು ತೇಯುವ ಕಲ್ಲಿನ ಮೇಲೆ ನೀರು ಹಾಕಿ ತೇಯ್ದು, ಬಂದ ಗಂಧವನ್ನು ಒಸಡಿಗೆ ಹಚ್ಚುತ್ತಾರೆ. ಮಕ್ಕಳಲ್ಲಿ ಜೊಲ್ಲು ಹೆಚ್ಚಾಗಿ ಸುರಿಯುವುದನ್ನು ತಡೆಯಲು, ಬಾಯಿಯ ತೊಂದರೆಗಳಿಗೆ, ರಕ್ತ ಒಸರುವುದನ್ನು ನಿಲ್ಲಿಸಲು ಇದನ್ನು ಉಪಯೋಗಿಸುವ ರೂಢಿಯಿದೆ. ಪುಣೆಯ ಸಂಶೋಧಕರಾದ ಜೆ. ಜಿ. ವೈದ್ಯ ಮತ್ತು ಎ. ಎಸ್. ರಬ್ಬಾ ಅವರು 1993ರಲ್ಲಿ ಜನಪದ ವೈದ್ಯದಲ್ಲಿನ ಶಿಲೀಂಧ್ರಗಳನ್ನು ಕುರಿತು ಲೇಖನ ಪ್ರಕಟಿಸಿದರು. ಇಂತಹ ಅಧ್ಯಯನಗಳಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗಿದೆ: ಫಣಸೊಂಬಾ ಎಂಬ ಒಂದೇ ಹೆಸರಿನಲ್ಲಿ ಬಳಕೆಯಾಗುವುದು ಒಂದೇ ಜಾತಿಯ ಅಣಬೆಯಲ್ಲ. ಅದು ಫೆಲ್ಲಿನಸ್ ಮತ್ತು ಅದರ ಹತ್ತಿರದ ಬಂಧುಗಳಾದ ಹಲವು ಪ್ರಭೇದಗಳ ಒಟ್ಟು ಹೆಸರು. ಪುಣೆಯಲ್ಲಿ 1946ರಲ್ಲಿ ಸ್ಥಾಪಿತವಾದ, ಇಂದು ಆಘಾರಕರ ಸಂಶೋಧನಾ ಸಂಸ್ಥೆ ಎಂದು ಹೆಸರಾಗಿರುವ ಕೇಂದ್ರದಲ್ಲಿ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವಿದೆ. ಹೆಸರನ್ನು ಖಚಿತಪಡಿಸುವ ಇಂತಹ ಕಾರ್ಯವು ಔಷಧ ಪರೀಕ್ಷೆಯ ಮೊದಲ ಮೆಟ್ಟಿಲು.

ಅಣಬೆಯನ್ನು ಔಷಧವೆಂದು ಬಗೆದದ್ದು ನಮ್ಮ ನಾಡಿನಲ್ಲಿ ಮಾತ್ರವಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ದೇಹದ ಜೊತೆಗೆ ತೊಗಲಿನ ಪಟ್ಟಿಗೆ ಪೋಣಿಸಿದ ಮರದ ಅಣಬೆಯ ತುಂಡುಗಳಿದ್ದವು. ಅವನ್ನು ಆತ ಔಷಧಕ್ಕಾಗಿ ಇಟ್ಟುಕೊಂಡಿರಬಹುದೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಸುಶ್ರುತ ಸಂಹಿತೆಯು ಹುಲ್ಲು, ಕಬ್ಬು, ಸಗಣಿ, ಬಿದಿರು ಹಾಗೂ ನೆಲದಲ್ಲಿ ಹುಟ್ಟುವ ಅಣಬೆಗಳನ್ನು ಬೇರೆಬೇರೆಯಾಗಿ ಗುರುತಿಸಿದೆ. ಫಣಸೊಂಬಾದ ಹತ್ತಿರದ ಬಂಧುವಾದ, ಹಿಪ್ಪುನೇರಳೆ ಮರದ ಅಣಬೆಗೆ ಚೀನಾ, ಕೊರಿಯ ಮತ್ತು ಜಪಾನ್ ದೇಶಗಳಲ್ಲಿ ಬಹಳ ಬೇಡಿಕೆಯಿದೆ. ಅದನ್ನು ಬಹುಕಾಲ ಫೆಲ್ಲಿನಸ್ ಲಿಂಟಿಯಸ್ ಎಂದೇ ಕರೆಯಲಾಗುತ್ತಿತ್ತು. ಅದು ಬೇರೆಯೇ ಪ್ರಭೇದವೆಂದು 2012ರಲ್ಲಿ ವಿವರಿಸಲಾಯಿತು. ಹೆಸರಿನ ಗೊಂದಲ ವಿಜ್ಞಾನಿಗಳನ್ನೂ ಬಿಟ್ಟಿಲ್ಲ ಎಂಬುದಕ್ಕೆ ಇದು ನಿದರ್ಶನ.

ಈ ಅಣಬೆಗಳಲ್ಲಿ ಇರುವುದೇನು? ಇವುಗಳ ಕೋಶಭಿತ್ತಿಯಲ್ಲಿ ಬೀಟಾ ಗ್ಲುಕಾನ್ ಎಂಬ ಸಂಕೀರ್ಣ ಶರ್ಕರಗಳೂ, ಕಂದು ಬಣ್ಣ ನೀಡುವ ಫೀನಾಲಿಕ ವಸ್ತುಗಳೂ ಇವೆ. ಪ್ರಯೋಗಶಾಲೆಯಲ್ಲಿ ಇವು ರೋಗನಿರೋಧಕ ಕೋಶಗಳನ್ನು ಪ್ರಚೋದಿಸುವುದು ಕಂಡುಬಂದಿದೆ. 1960ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು ಕೆಲವು ಅಣಬೆಗಳ ಸಾರವು ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತೆಂದು ವರದಿ ಮಾಡಿದರು. ಟ್ರಮೀಟಿಸ್ ವರ್ಸಿಕಲರ್ ಎಂಬ ಅಣಬೆಯಿಂದ ಪಡೆದ ಒಂದು ವಸ್ತುವನ್ನು ಜಪಾನ್ 1977ರಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪೂರಕವಾಗಿ ಬಳಸಲು ಅನುಮತಿಸಿತು. 'ಪೂರಕ' ಎಂಬ ಶಬ್ದವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಶಸ್ತ್ರಚಿಕಿತ್ಸೆ ಮತ್ತು ಔಷಧಗಳ ಜೊತೆಗೆ ಕೊಡುವುದೇ ಹೊರತು ಅವುಗಳ ಬದಲಿಗೆ ಅಲ್ಲ. ಗ್ಯಾನೋಡರ್ಮ ಲೂಸಿಡಮ್ ಎಂಬ ಪ್ರಸಿದ್ಧ ಅಣಬೆಯನ್ನು ಕುರಿತು 2012ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಗೆ ದೊರೆತದ್ದು ಐದು ಪರೀಕ್ಷೆಗಳು ಮತ್ತು 373 ರೋಗಿಗಳ ಮಾಹಿತಿ ಮಾತ್ರ. ಅದನ್ನು ಕ್ಯಾನ್ಸರಿಗೆ ಮೊದಲ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಆಧಾರವಿಲ್ಲವೆಂದು ಆ ಸಮೀಕ್ಷೆ ತೀರ್ಮಾನಿಸಿತು.

ಈ ವಿವೇಚನೆ ಏಕೆ ಅವಶ್ಯಕವೆಂದರೆ, ಫಣಸೊಂಬಾ ಮುಖ್ಯವಾಗಿ ಬಾಯಿಯ ಮದ್ದು. ಮಹಾರಾಷ್ಟ್ರದಲ್ಲಿ ಅನೇಕ ಮಹಿಳೆಯರು ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲು ಮತ್ತು ಒಸಡಿಗೆ ಉಜ್ಜುತ್ತಾರೆ. ಕರ್ನಾಟಕದಲ್ಲಿ ಎಲೆಯಡಿಕೆಯ ಜೊತೆಗೆ ಕಡ್ಡಿಪುಡಿ, ಹೊಗೆಸೊಪ್ಪುಗಳ ಬಳಕೆಯಿದೆ. ತಂಬಾಕು ಮತ್ತು ಅಡಿಕೆ ಎರಡೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತವೆ. ಇಂತಹ ಅಭ್ಯಾಸವಿರುವ ವ್ಯಕ್ತಿಯ ಬಾಯಲ್ಲಿ ಹುಣ್ಣು ಕಾಣಿಸಿಕೊಂಡಾಗ, ಮನೆಯ ಹಿರಿಯರು ಪ್ರೀತಿಯಿಂದ ಅಣಬೆ ತೇಯ್ದು ಹಚ್ಚುತ್ತಾರೆ. ಒಗರು ಗುಣದ ಲೇಪದಿಂದ ಸ್ವಲ್ಪ ಹಿತವೆನಿಸಬಹುದು. ರಕ್ತ ಒಸರುವುದು ಕಡಿಮೆಯಾದಂತೆ ಕಾಣಬಹುದು. ಅಷ್ಟರಲ್ಲಿ ತಿಂಗಳುಗಳು ಕಳೆದುಹೋಗುತ್ತವೆ. ಆರಂಭದಲ್ಲಿಯೇ ಪತ್ತೆಯಾದ ಬಾಯಿಯ ಕ್ಯಾನ್ಸರನ್ನು ಗುಣಪಡಿಸುವ ಸಾಧ್ಯತೆ ಹೆಚ್ಚು. ಕುತ್ತಿಗೆಯ ಗಂಟುಗಳಿಗೆ ಹಬ್ಬಿದ ಮೇಲೆ ಅದು ಕಷ್ಟಸಾಧ್ಯ. ಮದ್ದು ತಾನಾಗಿ ಕೆಡುಕು ಮಾಡದಿದ್ದರೂ, ಮದ್ದಿನ ಭರವಸೆಯಲ್ಲಿ ಕಳೆದ ಕಾಲ ಕೆಡುಕು ಮಾಡುತ್ತದೆ.

ಆದ್ದರಿಂದ ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ಬಾಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ತೊಂದರೆ, ನುಂಗುವಾಗ ನೋವು, ಕುತ್ತಿಗೆಯಲ್ಲಿ ಗಂಟು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅಥವಾ ದಂತವೈದ್ಯರಲ್ಲಿಗೆ ಹೋಗಬೇಕು. ತಂಬಾಕು ಬಿಡಲು ಇಚ್ಛಿಸುವವರು 1800 112 356 ಎಂಬ ರಾಷ್ಟ್ರೀಯ ಉಚಿತ ದೂರವಾಣಿ ಸಂಖ್ಯೆಯಲ್ಲಿ ಸಲಹೆ ಪಡೆಯಬಹುದು.

ಮಕ್ಕಳ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಎಳೆಯ ಮಗು ಜೊಲ್ಲು ಸುರಿಸುವುದು, ಅದರಲ್ಲಿಯೂ ಹಲ್ಲು ಮೂಡುವ ಕಾಲದಲ್ಲಿ, ಸಾಮಾನ್ಯವಾಗಿ ರೋಗವಲ್ಲ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಿನ ಹೊರತು ಬೇರೇನೂ ಬೇಡ. ತೊಳೆಯದ ಕಲ್ಲು, ಕುದಿಸದ ನೀರು, ಬೂಷ್ಟು ಹಿಡಿದ ತುಂಡು ಇವುಗಳಿಂದ ಭೇದಿ ಬರಬಹುದು. ದೊಡ್ಡ ಮಗುವಿನಲ್ಲಿ ಜೊಲ್ಲು ನಿಲ್ಲದಿದ್ದರೆ, ಅಥವಾ ಜ್ವರದೊಡನೆ ನುಂಗಲಾಗದೆ ಜೊಲ್ಲು ಸುರಿಯತೊಡಗಿದರೆ ವೈದ್ಯರ ಪರೀಕ್ಷೆ ಅವಶ್ಯ. ಉಸಿರಾಟಕ್ಕೂ ಕಷ್ಟವಾದರೆ ಅದು ತುರ್ತುಸ್ಥಿತಿ. ರಕ್ತ ತೆಳುವಾಗಿಸುವ ಔಷಧ, ಮಧುಮೇಹದ ಔಷಧ ಸೇವಿಸುವವರು ಹಾಗೂ ಅಂಗ ಕಸಿ ಮಾಡಿಸಿಕೊಂಡವರು ಯಾವುದೇ ಅಣಬೆಯ ಪುಡಿ ಅಥವಾ ಗುಳಿಗೆಯನ್ನು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು.

ಮಳೆಗಾಲದಲ್ಲಿ ಕಾಡಿನಿಂದ ಅಣಬೆ ತರುವವರಿಗೆ ಇನ್ನೊಂದು ಮಾತು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ, ಅಕ್ಕಿಯ ಬಣ್ಣ ಬದಲಾಗದಿದ್ದರೆ ಅಣಬೆ ವಿಷವಲ್ಲವೆಂಬ ನಂಬಿಕೆ ಸಂಪೂರ್ಣ ತಪ್ಪು. ಅತ್ಯಂತ ಅಪಾಯಕಾರಿಯಾದ ಕೆಲವು ಅಣಬೆಗಳ ವಿಷವು ಬೇಯಿಸಿದರೂ ನಾಶವಾಗುವುದಿಲ್ಲ. ಆರು ಗಂಟೆಗಳ ಅನಂತರವೇ ವಾಂತಿ ಭೇದಿ ಆರಂಭವಾಗಿ, ಗುಣವಾದಂತೆ ತೋರಿ, ಬಳಿಕ ಯಕೃತ್ತು ಕೆಡುತ್ತದೆ. ಅಂತಹ ಸಂದರ್ಭದಲ್ಲಿ 108 ಸಂಖ್ಯೆಗೆ ಕರೆಮಾಡಿ, ಉಳಿದ ಅಣಬೆಯ ಸಹಿತ ಆಸ್ಪತ್ರೆಗೆ ಧಾವಿಸಬೇಕು. ಆಹಾರಕ್ಕೆ ಕೃಷಿಯಿಂದ ಬೆಳೆದ ಚಿಪ್ಪಣಬೆ ಮತ್ತು ಗುಂಡಿ ಅಣಬೆಗಳೇ ಸುರಕ್ಷಿತ. ಅವು ಪ್ರೋಟೀನು, ನಾರು ಮತ್ತು ಬಿ ಗುಂಪಿನ ಜೀವಸತ್ವಗಳನ್ನು ಒದಗಿಸುತ್ತವೆ. ಅವುಗಳ ಬೇಸಾಯದ ಮಾರ್ಗದರ್ಶನ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುತ್ತದೆ.

ಕ್ಯಾನ್ಸರನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ನಿಷೇಧಿಸಿದೆ. ಅಂತಹ ಭರವಸೆಯೊಡನೆ ದುಬಾರಿ ಬೆಲೆಗೆ ಮಾರಾಟಕ್ಕೆ ಬರುವ ಪುಡಿಗಳ ಬಗ್ಗೆ ಜನರು ಜಾಗರೂಕರಾಗಿರಬೇಕು.

ಘಟ್ಟದ ಅಜ್ಜಿಯರು ಕಾಪಾಡಿಕೊಂಡು ಬಂದ ತಿಳಿವಳಿಕೆಯನ್ನು ಹಗುರವಾಗಿ ಕಾಣಬೇಕಾದ ಕಾರಣವಿಲ್ಲ. ಯಾವ ಮರದ ಅಣಬೆ, ಯಾವ ಕಾಲದ್ದು, ಹೇಗೆ ತೇಯಬೇಕು ಎಂಬುದನ್ನು ಅವರಿಂದ ಕೇಳಿ ಬರೆದಿಡುವುದು ವಿಜ್ಞಾನಕ್ಕೂ ಉಪಕಾರ. ಆದರೆ ಮಾಯದ ಹುಣ್ಣನ್ನು ಕಂಡಾಗ ತೇಯುವ ಕಲ್ಲನ್ನು ಬದಿಗಿರಿಸಿ ಆಸ್ಪತ್ರೆಯ ದಾರಿ ಹಿಡಿಯುವುದೇ ಹಿತ. ಮನೆಯವರನ್ನು ಆ ದಾರಿಯಲ್ಲಿ ಕರೆದೊಯ್ಯುವುದು ಪ್ರತಿಯೊಬ್ಬರ ಕರ್ತವ್ಯ.