ಕರೆಂಟು ಹೋದಾಗ ಮಾಳಿಗೆ ಮೇಲಿನ ಸೋಲಾರ್ ಯಾಕೆ ನಿಲ್ಲುತ್ತೆ?

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ನಮ್ಮೆಲ್ಲರ ಮನೆಗೆ ಸಂಬಂಧಪಟ್ಟ ಒಂದು ವಿಷಯದ ಬಗ್ಗೆ ನಾಲ್ಕು ಮಾತಾಡಲು ಇಚ್ಛಿಸುತ್ತೇವೆ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆಗೆ ಬರವಿದ್ದರೂ ಬಿಸಿಲಿಗೆ ಬರವಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಸೂರ್ಯಘರ್ ಯೋಜನೆ ತಂದು, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಘೋಷಿಸಿದ ಮೇಲೆ ಮಾಳಿಗೆ ಮೇಲೆ ಸೋಲಾರ್ ಹಾಕಿಸುವ ಮಾತು ಹಳ್ಳಿಗೂ ಬಂದಿದೆ. ಹಾಕಿಸಿದವರು ಕೇಳುವ ಪ್ರಶ್ನೆ ಒಂದೇ: "ಅಲ್ಲಣ್ಣಾ, ನೆತ್ತಿ ಸುಡೋ ಬಿಸಿಲಿದೆ. ಆದ್ರೂ ಲೈನ್ ಕರೆಂಟು ಹೋದ ಕೂಡ್ಲೆ ಸೋಲಾರೂ ನಿಂತೋಗುತ್ತಲ್ಲ, ಇದ್ಯಾವ ಸೀಮೆ ಮಿಷನ್ನು?"

ಮಿಷನ್ ಕೆಟ್ಟಿಲ್ಲ. ಆಗ ನಿಲ್ಲುವುದೇ ಅದರ ಧರ್ಮ. ಬ್ಯಾಟರಿ ಇಲ್ಲದ ಸೋಲಾರಿನ ಇನ್‌ವರ್ಟರ್ ಲೈನಿನ ಕರೆಂಟಿಗೆ ಕಟ್ಟಿದ ಜೋಡೆತ್ತು ಇದ್ದ ಹಾಗೆ. ಅದು ನಡೆದರೆ ಇದು ನಡೆಯುತ್ತೆ, ಅದು ನಿಂತರೆ ಇದೂ ನಿಲ್ಲುತ್ತೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದಂತೆ ವೋಲ್ಟೇಜು ನೂರಕ್ಕೆ 80ರ ಕೆಳಗಿಳಿದರೆ, ಇಲ್ಲವೇ 110 ದಾಟಿದರೆ, ಎರಡು ಸೆಕೆಂಡಿನೊಳಗೆ ಅದು ಲೈನಿನಿಂದ ಕಳಚಿಕೊಳ್ಳಬೇಕು. ನಮ್ಮ ಮನೆಯ 230 ವೋಲ್ಟ್ ಲೆಕ್ಕದಲ್ಲಿ 184ರ ಕೆಳಗೆ, 253ರ ಮೇಲೆ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ, ಟಿ.ಸಿ.ಯಿಂದ ದೂರದ ಮನೆಗಳಲ್ಲಿ ಕರೆಂಟಿದ್ದರೂ ಸೋಲಾರ್ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಈ ನಿಯಮ ಯಾಕೆ? ಗಾಳಿಮಳೆಗೆ ತಂತಿ ಹರಿದು ಬಿತ್ತು ಅನ್ನಿ. ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಟ್ರಿಪ್ ಆಯ್ತು, ಲೈನ್‌ಮನ್ ಕಂಬ ಹತ್ತಿದ. ಆಗ ನಮ್ಮ ಮಾಳಿಗೆಯಿಂದ ಕರೆಂಟು ಹೊರಗೆ ಹರಿದರೆ ಟಿ.ಸಿ. ತಿರುವುಮುರುವಾಗಿ ಕೆಲಸ ಮಾಡಿ, ಮೇಲಿನ ತಂತಿಯಲ್ಲಿ 11,000 ವೋಲ್ಟ್ ಆಗಬಹುದು. ಫ್ಯೂಸ್ ಕಾಯುತ್ತೆ ಅನ್ನುವಂತೆಯೂ ಇಲ್ಲ. ಶಾರ್ಟ್ ಆದಾಗ ಸಬ್‌ಸ್ಟೇಷನ್ ಕಡೆಯಿಂದ ಎಷ್ಟೋ ಪಟ್ಟು ಕರೆಂಟು ನುಗ್ಗಿ ಫ್ಯೂಸ್ ಸುಡುತ್ತೆ. ಇನ್‌ವರ್ಟರ್ ಕೊಡುವುದು ತನ್ನ ಅಳತೆಗಿಂತ ತುಸು ಹೆಚ್ಚು ಮಾತ್ರ, ಫ್ಯೂಸಿಗೆ ಅದು ಗೊತ್ತೇ ಆಗಲ್ಲ. ಆದ್ದರಿಂದ ಇನ್‌ವರ್ಟರೇ ತಿಳಿದು ನಿಲ್ಲಬೇಕು.

ನಾವು ಸದಸ್ಯರಲ್ಲಿ ಕೇಳಿಕೊಳ್ಳುವುದಿಷ್ಟು. ಯಾರೋ ಹೇಳಿದರೆಂದು ಇನ್‌ವರ್ಟರಿನ ಸೆಟ್ಟಿಂಗ್ ಬದಲಿಸಬೇಡಿ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಬೇಡಿ. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್‌ವರ್ಟರ್ ಹಾಕಿಸಿ, ಅದು ಮನೆಯನ್ನು ಲೈನಿನಿಂದ ಬೇರೆ ಮಾಡಿಯೇ ಕರೆಂಟು ಕೊಡುತ್ತೆ. ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಕಂಬ ಹತ್ತುವವನೂ ಒಂದು ಮನೆಯ ಮಗ. ನಮ್ಮ ಮನೆಯ ಫ್ಯಾನು ಒಂದು ಗಂಟೆ ತಿರುಗದಿದ್ದರೆ ನಷ್ಟವಿಲ್ಲ. ಅವನು ಕ್ಷೇಮವಾಗಿ ಕೆಳಗಿಳಿಯಬೇಕು.